ಡ್ರಮ್ಮು ತಿರುಗಿದ ಎರಡು ಸೆಕೆಂಡು

ಆ ಯಂತ್ರ ನಡುವೆ ನಿಂತುಹೋದರೆ ಎಡಪಕ್ಕೆಗೆ ಎರಡು ಗುದ್ದು ಹಾಕಬೇಕಿತ್ತು. ಒಂದಕ್ಕೆ ಏಳುತ್ತಿರಲಿಲ್ಲ. ಮೂರು ಹಾಕಿದರೆ ಪರದೆಯೇ ಆರಿಹೋಗುತ್ತಿತ್ತು. ತಿಕೋಟಾದ ಹೊರಗೆ, ಕನಮಡಿ ರಸ್ತೆಯಲ್ಲಿ, ನನ್ನ ಸೋದರಮಾವನ ಒಣದ್ರಾಕ್ಷಿ ಶೆಡ್ಡಿದೆ. ಅಲ್ಲಿ ದುಡಿಯುವ ಎಲ್ಲರಿಗೂ, ಬೆಲ್ಟಿನ ಎರಡೂ ಬದಿಗೆ ಕೂತು ಕಾಳು ಆರಿಸುವ ಹೆಂಗಸರಿಗೂ, ಈ ಗುದ್ದಿನ ಲೆಕ್ಕ ಗೊತ್ತಿತ್ತು. ತಗಡು ಅಷ್ಟು ಜಾಗದಲ್ಲಿ ಬಟ್ಟಲಿನ ಹಾಗೆ ತಗ್ಗುಬಿದ್ದಿತ್ತು.

“ಬಡಿಲಾರದ ಮಶೀನು ದುಡಿಯೂದಿಲ್ಲ, ಅಳಿಯಾ,” ಎನ್ನುತ್ತಿದ್ದ ಮಾವ. “ನೀ ಓದಿದ ಪುಸ್ತಕದಾಗ ಇದನ್ನ ಬರದಿಲ್ಲೇನು?”

ಯಂತ್ರದಲ್ಲಿ ಎರಡು ಭಾಗ. ಒಂದು ಡ್ರಮ್ಮು: ಆಳೆತ್ತರದ ಜಾಲರಿ ಪೀಪಾಯಿ, ಒಳಗೆಲ್ಲ ಕಬ್ಬಿಣದ ಹಲ್ಲು. ಒಣಗಿದ ಗೊಂಚಲು ಒಳಗೆ ಬಿದ್ದರೆ ಆ ಹಲ್ಲುಗಳು ಬಡಿದು ಬಡಿದು ಕಡ್ಡಿ ಬೇರೆ, ಕಾಳು ಬೇರೆ ಮಾಡುತ್ತಿದ್ದವು. ಇನ್ನೊಂದು, ಆ ಡ್ರಮ್ಮನ್ನು ಓಡಿಸುವ, ನಿಲ್ಲಿಸುವ ಹಳೆಯ ಕಂಪ್ಯೂಟರು; ಗುದ್ದು ಬೀಳುತ್ತಿದ್ದದ್ದು ಇದಕ್ಕೇ. ಗಡಿಯಾಚೆ ಯಾವುದೋ ಶೆಡ್ಡು ಮುಚ್ಚಿದಾಗ ಮಾವ ಎರಡನ್ನೂ ಲಾರಿಗೆ ಹೇರಿಕೊಂಡು ಬಂದಿದ್ದ. ಆ ಕಂಪ್ಯೂಟರಿನ ಪ್ರೊಸೆಸರು ನಾನು ಕನ್ನಡ ಶಾಲೆಯಲ್ಲಿ ಅಕ್ಷರ ತಿದ್ದುತ್ತಿದ್ದ ಕಾಲದ್ದು. ಈಗ ಅದನ್ನು ಯಾರೂ ಮಾಡುವುದಿಲ್ಲ. ಸುಟ್ಟುಹೋದರೆ ಇನ್ನೊಂದು ಸಿಗುವುದಿಲ್ಲ.

ನನ್ನ ಹೊಟ್ಟೆಪಾಡು ಕೂಡ ಅಂಥ ಹಳೆಯ ಪ್ರೊಸೆಸರುಗಳ ಮೇಲೆಯೇ ನಡೆಯುತ್ತದೆ. ವಿಜಯಪುರದ ಸ್ಟೇಷನ್ ರೋಡಿನ ಹಿಂದಿನ ಓಣಿಯಲ್ಲಿ, ಮೋಟಾರು ವೈಂಡಿಂಗ್ ಅಂಗಡಿಯ ಮೇಲಿನ ಕೋಣೆಯಲ್ಲಿ, ಗುಜರಿಯಿಂದ ಎತ್ತಿ ತಂದ ಒಂಬತ್ತು ಕಂಪ್ಯೂಟರುಗಳನ್ನು ಸಾಲಾಗಿ ಇಟ್ಟುಕೊಂಡಿದ್ದೇನೆ. ಕಂಪ್ಯೂಟರು ಎದ್ದ ಕೂಡಲೆ ಯಜಮಾನಿಕೆ ಹಿಡಿಯುವ ಮೂಲ ತಂತ್ರಾಂಶಕ್ಕೆ ಕರ್ನೆಲ್ ಎನ್ನುತ್ತಾರೆ. ಯಾವ ಕೆಲಸಕ್ಕೆ ಎಷ್ಟು ಹೊತ್ತು, ಯಾವ ತಂತಿಗೆ ಯಾವಾಗ ವಿದ್ಯುತ್ತು, ಎಲ್ಲ ಅದರ ಅಪ್ಪಣೆ. ಹತ್ತಾರು ದೇಶದವರು ಕೂಡಿ ಬರೆಯುವ ಒಂದು ಕರ್ನೆಲ್ಲಿನ ಹೊಸ ಆವೃತ್ತಿ ಬಂದಾಗಲೆಲ್ಲ ಅದು ಹಳೆಯ ಪ್ರೊಸೆಸರಿನ ಮೇಲೆ ಬದುಕುತ್ತದೆಯೋ ಸಾಯುತ್ತದೆಯೋ ನೋಡಿ ವರದಿ ಕಳಿಸುವುದು ನನ್ನ ಕೆಲಸ. ಬಹಳಷ್ಟು ಸಾಯುತ್ತವೆ. ನಮ್ಮ ಕೆಲಸದ ಮಾತುಗಳೂ ಕೊಲೆಯವೇ. ತಾಯಿ ಪ್ರೋಗ್ರಾಮು ಮಗು ಪ್ರೋಗ್ರಾಮನ್ನು ಕೊಂದಿತು, ಕೊಂದ ಮೇಲೂ ಹೆಣ ಬಿದ್ದುಕೊಂಡಿದೆ, ಇಡೀ ಯಂತ್ರ ದಿಗಿಲುಬಿದ್ದು ಸತ್ತಿತು ಎಂದೆಲ್ಲ ದಿನಕ್ಕೆ ಹತ್ತು ಸಲ ಬರೆಯುತ್ತೇನೆ. ಹಾಗೆ ಬರೆಯುತ್ತಲೇ, ನಾನು ಯಾರ ಮೇಲೂ ಕೈ ಎತ್ತಿದವನಲ್ಲ ಎಂದುಕೊಂಡಿದ್ದೆ.

ಕಂಡದ್ದನ್ನು ನಂಬಬೇಡ, ಮತ್ತೆ ಮಾಡಿ ನೋಡು. ವಿಶ್ವವಿದ್ಯಾಲಯದಲ್ಲಿ ಆರು ವರ್ಷ ಕಲಿತದ್ದರಲ್ಲಿ ಇದೊಂದು ಉಳಿದಿದೆ. ದೇವರನ್ನು ನಂಬಲಿಲ್ಲ, ಜಾತಕ ನಂಬಲಿಲ್ಲ, ಮಾವನ ಎರಡು ಗುದ್ದನ್ನೂ ನಂಬಲಿಲ್ಲ. ನನ್ನ ಕಣ್ಣನ್ನು ಮಾತ್ರ ನಂಬಿದ್ದೆ. ಅದಕ್ಕೆ ಯಾವ ಆಧಾರವೂ ಇರಲಿಲ್ಲ. ನನ್ನ ಎಡ ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗುರುತಿದೆ. ಮಾವ ಬಾರಕೋಲಿನಿಂದ ಹೊಡೆದದ್ದು ಎಂದು ನನಗೆ ಸ್ಪಷ್ಟ ನೆನಪು. ಆ ಚರ್ಮದ ವಾಸನೆ ಕೂಡ ಮೂಗಿನಲ್ಲಿದೆ. ಅವ್ವ ಬೇರೆಯೇ ಹೇಳುತ್ತಾಳೆ. ನಾನು ಹೊಸ್ತಿಲಿಗೆ ಮುಗ್ಗರಿಸಿ ಬಿದ್ದೆನಂತೆ. ಬಾರಕೋಲಿನ ಏಟು ತಿಂದವನು ನನ್ನ ಅಣ್ಣನಂತೆ, ನಾನು ಬರೀ ನಿಂತು ನೋಡಿದ್ದೆನಂತೆ. ಇಬ್ಬರಲ್ಲಿ ಒಬ್ಬರ ನೆನಪು ಸುಳ್ಳು. ಅದು ನನ್ನದಿರಲಾರದು ಎಂದುಕೊಂಡೇ ಮೂವತ್ತು ವರ್ಷ ಕಳೆದೆ.

ಹೋದ ವರ್ಷ ಬೇಸಿಗೆಯಲ್ಲಿ ಆ ಕರ್ನೆಲ್ ಬರೆಯುವವರ ನಡುವೆ ಒಂದು ಚರ್ಚೆ ಎದ್ದಿತು. ಇಷ್ಟು ಹಳೆಯ ಪ್ರೊಸೆಸರಿಗೆ ಇನ್ನೂ ಯಾಕೆ ಜಾಗ ಕೊಡಬೇಕು, ನಿಜವಾದ ಕೆಲಸಕ್ಕೆ ಇದನ್ನು ಬಳಸುವವರು ಭೂಮಿಯ ಮೇಲೆ ಯಾರಾದರೂ ಉಳಿದಿದ್ದಾರೆಯೇ ಎಂದು ಒಬ್ಬ ಕೇಳಿದ. ಉಳಿದಿದ್ದಾರೆ, ನನ್ನ ಮಾವನ ಶೆಡ್ಡಿನಲ್ಲಿ ಅದು ದ್ರಾಕ್ಷಿಯ ಕಡ್ಡಿ ಬಿಡಿಸುತ್ತಿದೆ ಎಂದು ನಾನು ಉತ್ತರ ಬರೆದೆ. ಬರೆದ ಮೇಲೆ ತೋರಿಸಬೇಕಲ್ಲ. ಒಂದು ಬೆಳಿಗ್ಗೆ ಮೋಟರ್‌ಸೈಕಲ್ ಹತ್ತಿ ತಿಕೋಟಾಕ್ಕೆ ಹೋಗಿ, ಆ ಕಂಪ್ಯೂಟರಿನ ಹಳೆಯ ಕರ್ನೆಲ್ ಬದಿಗಿಟ್ಟು, ಅದೇ ವಾರ ಬಂದ ಹೊಸದನ್ನು ಹಾಕಿದೆ. ಕೋಣೆಯಲ್ಲಿ ಸಾಯುವುದನ್ನು ನೋಡಿ ಸಾಕಾಗಿತ್ತು, ಒಂದಾದರೂ ದುಡಿಯುವುದನ್ನು ನೋಡೋಣ ಎಂಬ ಹಮ್ಮು. ಮಾವನಿಗೆ ಹೇಳಿದ್ದು ಇಷ್ಟೇ: “ಇನ್ನ ಮ್ಯಾಲೆ ಗುದ್ದೂದು ಬ್ಯಾಡ, ಮಾಮಾ.”

“ಗುದ್ದಲಾರದ ದಿನಾ ಹೋಗೂದು ಹೆಂಗಲೇ,” ಎಂದು ಮಾವ ನಕ್ಕ.

ಡ್ರಮ್ಮು ತಿರುಗಬೇಕಾದರೆ ಎರಡು ಕಡೆ ಅಪ್ಪಣೆ ಬೇಕು. ಗೋಡೆಯ ಮೇಲಿನ ಮೇನ್ ಸ್ವಿಚ್ಚು ಮೇಲಿರಬೇಕು. ಕಂಪ್ಯೂಟರೂ ಹೂಂ ಅನ್ನಬೇಕು. ಡ್ರಮ್ಮಿನೊಳಗೆ ಕೈ ಹಾಕುವ ಮುನ್ನ ಮೇನ್ ಬಂದ್ ಮಾಡಬೇಕು ಎಂದು ಮಾವ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದ. ಆದರೆ ಮೇನ್ ಬಂದ್ ಮಾಡಿದರೆ ಬೆಲ್ಟೂ ನಿಲ್ಲುತ್ತಿತ್ತು, ಮತ್ತೆ ಹೊರಡುವಾಗ ಜಾರುತ್ತಿತ್ತು, ಅದನ್ನು ಸರಿ ಕೂಡಿಸಲು ಅರ್ಧ ತಾಸು ಬೇಕು. ಹಾಗಾಗಿ ನಡು ಹೊತ್ತಿನಲ್ಲಿ ಯಾರೂ ಮೇನ್ ಮುಟ್ಟುತ್ತಿರಲಿಲ್ಲ. ಕಂಪ್ಯೂಟರಿನ ಬಟನ್ ಒತ್ತಿ ಡ್ರಮ್ಮು ನಿಲ್ಲಿಸಿ ಕೈ ಹಾಕುತ್ತಿದ್ದರು. ಮಾವನ ಮುಂದೆ ಅದನ್ನು ಯಾರೂ ಒಪ್ಪುತ್ತಿರಲಿಲ್ಲ. ನನಗೂ ಅವತ್ತು ಅದು ಗೊತ್ತಿರಲಿಲ್ಲ.

ಊಟವಾಗಿ ಒಂದು ತಾಸು ಕಳೆದಿರಬೇಕು. ನನಗೆ ನೆನಪಿರುವುದು ಹೀಗೆ. ನಾನು ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದೇನೆ. ಡ್ರಮ್ಮು ನಿಂತಿದೆ, ಹಲ್ಲಿಗೆ ಸಿಕ್ಕ ಅಂಟುಕಡ್ಡಿ ಕೀಳಲು ಡ್ರಮ್ಮಿನ ಆಪರೇಟರ್ ಬಲಗೈ ಒಳಗೆ ಹಾಕಿದ್ದಾನೆ. ಗೋಡೆಯ ಹತ್ತಿರ, ಒಣದ್ರಾಕ್ಷಿ ಡಬ್ಬಿಗಳ ರಾಶಿಯ ಪಕ್ಕದಲ್ಲಿ, ಅವನ್ನು ಹೊರುವ ಹಮಾಲ ನಿಂತಿದ್ದಾನೆ. ಅವನ ಕೈ ಮೇನ್ ಸ್ವಿಚ್ಚಿನ ಹಿಡಿಕೆಯ ಮೇಲಿದೆ. ಆಮೇಲೆ ಡ್ರಮ್ಮು ಗರ್ರೆಂದು ತಿರುಗುತ್ತದೆ. ಆಮೇಲೆ ಚೀರಾಟ.

ಹಲ್ಲುಗಳು ಮೂರು ಬೆರಳನ್ನು ಬುಡಸಮೇತ ಕಿತ್ತಿದ್ದವು. ಆಪರೇಟರ್ ಕೈ ಹೊರಗೆ ಎಳೆದುಕೊಂಡು ಅದನ್ನು ನೋಡುತ್ತ ಕುಕ್ಕರುಗಾಲಲ್ಲಿ ಕೂತ. ರಕ್ತ ಅವನ ಮೊಣಕೈಯಿಂದ ಹನಿಯುತ್ತಿರಲಿಲ್ಲ, ಸುರಿಯುತ್ತಿತ್ತು. ಬೆಲ್ಟು ನಿಲ್ಲುವ ಮುನ್ನ ಅದರ ಮೇಲೆ ಕಾಳಿನ ನಡುವೆ ಒಂದು ಬೆರಳು ಸಾಗಿ ಬಂದಿತ್ತು. ಆರಿಸುತ್ತಿದ್ದ ಹೆಂಗಸೊಬ್ಬಳು ಕಡ್ಡಿಯೆಂದು ತಿಳಿದು ಅದನ್ನು ಎತ್ತಿ ಕಸದ ಬುಟ್ಟಿಗೆ ಹಾಕಿದಳು. ಕೈಗೆ ಬೆಚ್ಚಗೆ ತಾಗಿದ್ದು ಆಮೇಲೆ ತಿಳಿಯಿತೇನೋ, ಎದ್ದು ನಿಂತು ಸೆರಗಿಗೆ ಕೈ ಒರೆಸಿಕೊಳ್ಳುತ್ತಲೇ ಇದ್ದಳು.

ಮಾವ ಓಡಿಬಂದು ಗೋಡೆ ನೋಡಿದ. ಸ್ವಿಚ್ಚು ಕೆಳಗಿತ್ತು, ಬಂದ್ ಆಗಿತ್ತು. “ಬಂದ್ ಇದ್ದದ್ದು ತಿರಗತದೇನಲೇ? ಯಾರ್ ಹಾಕಿ ತಗದ್ರು?”

ನಾನು ಹೇಳಿದೆ: “ಇಂವನ ಕೈ ಅದರ ಮ್ಯಾಲಿತ್ತು.”

ಅಷ್ಟೇ ಸಾಕಾಯಿತು. ಆಪರೇಟರ್ ಮತ್ತು ಹಮಾಲ ಇಬ್ಬರೂ ಕನಮಡಿಯವರು, ಹೊಲ ಅಕ್ಕಪಕ್ಕ. ಬದುವಿನ ಕಲ್ಲು ಸರಿದಿದೆ ಎಂದು ಹಿಂದಿನ ವರ್ಷ ಇಬ್ಬರೂ ಕುಡಗೋಲು ಹಿಡಿದು ಎದುರಾಗಿದ್ದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಆಪರೇಟರನ ಇಬ್ಬರು ಅಣ್ಣಂದಿರು ಅಲ್ಲಿಯೇ ಡಬ್ಬಿ ಕಟ್ಟುತ್ತಿದ್ದರು. ದೊಡ್ಡವನು ಹಮಾಲನ ತಲೆಯನ್ನು ಗೋಡೆಗೆ ಬಡಿದ. ಚಿಕ್ಕವನು ಬೆಲ್ಟಿನ ಸವೆದ ರೋಲರ್ ಎತ್ತಿಕೊಂಡು ಮೊದಲು ಮೊಣಕಾಲಿಗೆ, ಆಮೇಲೆ ಬಿದ್ದವನ ಕಿವಿಗೆ ಹೊಡೆದ. ಒದ್ದರು. ಅವನ ಬಾಯಿಯಿಂದ ಹಲ್ಲು ಬಿತ್ತು. “ನಾ ಅಲ್ರಿ” ಎಂದು ಅವನು ಒಂದು ಸಲ ಅಂದ. ಆಮೇಲೆ ಹೊಡೆತ ಬಿದ್ದಾಗೊಮ್ಮೆ ಉಸಿರು ಹೊರಬೀಳುವ ಸದ್ದು ಮಾತ್ರ. ಮಾವ ನಾಲ್ಕು ಏಟು ಹಾಕಿ, ಆಪರೇಟರನನ್ನು ಜೀಪಿಗೆ ಹಾಕಿಕೊಂಡು ವಿಜಯಪುರದ ದವಾಖಾನೆಗೆ ಹೊರಟ. ನಾನು ಬಿಡಿಸಲು ಹೋಗಲಿಲ್ಲ. ಆ ಹೊತ್ತೆಲ್ಲ ಚಹಾದ ಕಪ್ಪು ನನ್ನ ಕೈಯಲ್ಲೇ ಇತ್ತು ಎಂದು ನೆನಪು. ಅಷ್ಟು ಹೊತ್ತು ಹೇಗೆ ಇದ್ದೀತು?

ಸಂಜೆ ಶೆಡ್ಡು ತೊಳೆಯುವಾಗ ನಾನು ಯಾರಿಗೂ ಹೇಳದೆ ಹೊಸ ಕರ್ನೆಲ್ ತೆಗೆದು ಹಳೆಯದನ್ನೇ ಮರಳಿ ಹಾಕಿದೆ. ಹಮಾಲನೇ ಮಾಡಿದ್ದು ಎಂಬ ಖಾತ್ರಿ ಇದ್ದವನು ಅದನ್ನು ಯಾಕೆ ಬದಲಿಸಬೇಕಿತ್ತು? ಇದಕ್ಕೆ ಆಗ ಉತ್ತರ ಹುಡುಕಲಿಲ್ಲ.

ಪೊಲೀಸರು ಬಂದಾಗ ಎಲ್ಲರೂ ಸೇರಿ ಅಪಘಾತ ಎಂದು ಬರೆಸಿದರು. ಕಾಗದದ ಮೇಲೆ ಅದು ಅಪಘಾತ, ಊರಿನ ಬಾಯಲ್ಲಿ ಅಪರಾಧ. ಮೂರು ಬೆರಳಿಗೆ ಒಂದು ಮುಂಗೈ ಎಂದು ಅಣ್ಣಂದಿರು ಮಾತು ಆಡಿದರು. ಕನಮಡಿಗೆ ಕಾಲಿಟ್ಟ ದಿನ ಹಮಾಲನ ಬಲಗೈ ಕಡಿಯುವುದು. ಹಮಾಲ ಹೆಂಡತಿಯನ್ನು ಕರೆದುಕೊಂಡು ಬಬಲೇಶ್ವರಕ್ಕೆ, ಅವಳ ಅಣ್ಣನ ಮನೆಗೆ ಹೋದ.

ಹಂಗಾಮು ಮುಗಿದಿತ್ತು. ಕಂಪ್ಯೂಟರನ್ನು ಪರೀಕ್ಷೆ ಮಾಡಿ ಕೊಡುತ್ತೇನೆ ಎಂದು ನನ್ನ ಕೋಣೆಗೆ ತಂದೆ. ಮೋಟಾರು ಜೋಡಿಸುವ ತಂತಿಗೆ ಒಂದು ಬಲ್ಬು ಕಟ್ಟಿದೆ: ಬಲ್ಬು ಹತ್ತಿದರೆ ಡ್ರಮ್ಮು ತಿರುಗಿದಂತೆ. ಆ ದಿನದ ಹೊಸ ಕರ್ನೆಲ್ಲನ್ನು ಮತ್ತೆ ಡಿಸ್ಕಿಗೆ ಹಾಕಿದೆ. ನಲವತ್ತು ಸಲ ಕಂಪ್ಯೂಟರನ್ನು ಕೊಂದೆ, ನಲವತ್ತು ಸಲ ಎಬ್ಬಿಸಿದೆ. ಕೆಲವು ಸಲ ನಡುವೆ ವೈರು ಕಿತ್ತೆ, ಕೆಲವು ಸಲ ಮಾವನ ಹಾಗೆ ಗುದ್ದಿದೆ. ಬಲ್ಬು ಒಮ್ಮೆಯೂ ಮಿಣುಕಲಿಲ್ಲ. ನೋಟ್‌ಬುಕ್ಕಿನಲ್ಲಿ ನಲವತ್ತು ಸಲ ‘ಸರಿ’ ಎಂದು ಬರೆದು, ಕಂಡದ್ದನ್ನು ಮತ್ತೆ ಮಾಡಿ ನೋಡಿದವನ ಸಮಾಧಾನದಲ್ಲಿ ಮುಚ್ಚಿಟ್ಟೆ.

ಮಳೆಗಾಲದ ಕೊನೆಗೆ ಒಂದು ದಿನ ಮುಂಜಾನೆ ಹಮಾಲ ನನ್ನ ಕೋಣೆಯ ಮೆಟ್ಟಿಲು ಹತ್ತಿ ಬಂದ. ಕುಂಟುತ್ತಿದ್ದ. ನಾನು ಎದ್ದು ಅವನ ಎಡಕ್ಕೆ ನಿಂತೆ.

“ಈ ಕಡೆ ಬಂದ ಮಾತಾಡ್ರಿ, ಸರ. ಆ ಕಿವಿ ನಿಮ್ಮ ಮಾವನ ಶೆಡ್ಡಿನಾಗ ಬಿಟ್ಟ ಬಂದೀನಿ.”

ಬಲಕ್ಕೆ ಬಂದೆ. ಕುರ್ಚಿ ಕೊಟ್ಟೆ, ಕೂರಲಿಲ್ಲ.

“ಹಿಂಗಾರಿ ಬಿತ್ತಗಿಗೆ ಊರಿಗಿ ಹೊಂಟೀನ್ರಿ. ಇನ್ನ ಎಂಟ ದಿನಾ. ಅಣತಮ್ಮರು ಕುಡಗೋಲು ಮಸದ ಇಟ್ಟಾರಂತ.”

“ಗೊತ್ತಿದ್ದೂ ಯಾಕ ಹೋಗ್ತಿ?”

“ಹೊಲಾ ನೀವು ಬಿತ್ತತೀರೇನು?”

ನೀರಿನ ತಂಬಿಗೆಯನ್ನು ಅವನ ಕಡೆ ಸರಿಸಿದೆ. ಅವನು ಅದನ್ನು ಮುಟ್ಟದೆ ಮುಂದುವರಿಸಿದ.

“ಒಂದ ಮಾತು ಕೇಳಿ ಹೋಗೂಣಂತ ಬಂದೆ. ಅಂವ ಚೀರಿದ್ದು ಮೊದಲೋ, ನನ್ನ ಕೈ ಸ್ವಿಚ್ಚಿಗಿ ಬಂದಿದ್ದು ಮೊದಲೋ?”

“ಕೈ ಮೊದಲು.”

“ನೋಡೀರಿ?”

“ನೋಡೀನಿ.”

“ಡ್ರಮ್ಮು ತಿರಗಿದ ಸಪ್ಪಳ ಕೇಳಿ ನಾ ಡಬ್ಬಿ ಚೆಲ್ಲಿ ಓಡೀನ್ರಿ. ಬಂದ್ ಮಾಡಾಕ ಓಡೀನಿ. ಮೇನ್ ಮ್ಯಾಲಿತ್ತದು. ಕೆಳಗ ಎಳದಾಂವ ನಾ.”

“ಮ್ಯಾಲೆ ಹೆಂಗ ಇರತದ? ಕೈ ಹಾಕೂ ಮುಂದ ಬಂದ್ ಮಾಡತಾರ.”

ಅವನು ನನ್ನನ್ನು ನೋಡಿದ ರೀತಿ, ಶಾಲೆಯಲ್ಲಿ ದಡ್ಡ ಹುಡುಗನನ್ನು ನೋಡುವ ಮಾಸ್ತರರದ್ದು. “ಗ್ವಾಡಿ ಮ್ಯಾಲೆ ಬರದಿದ್ದು ನೀವು ಓದೀರಿ. ನಾವು ಅಲ್ಲಿ ದುಡದೀವಿ.” ಆಮೇಲೆ ಸಾಲಾಗಿದ್ದ ಕಂಪ್ಯೂಟರುಗಳ ಕಡೆ ಗದ್ದ ಎತ್ತಿದ. “ಇವೆಲ್ಲಾ ಏನ್ರಿ?”

“ಹಳೇವು. ಸಾಯತಾವೋ ಬದಕತಾವೋ ನೋಡ್ತೀನಿ.”

“ಒಂದರೆ ನಿಮಗ ತಿರಗಿ ಹೊಡದದೇನು?”

ನನಗೆ ಸಿಟ್ಟು ಬಂತು. ನೋಟ್‌ಬುಕ್ ತೆಗೆದು ತೋರಿಸಿದೆ. “ನೋಡಪಾ, ಮಶೀನಂದು ತಪ್ಪಿಲ್ಲ. ನಲವತ್ತ ಸಲ ಮಾಡಿ ನೋಡೀನಿ.”

“ಮಶೀನಿಗಿ ನಲವತ್ತ ಸಲ ನೋಡಿದ್ರಿ,” ಎಂದ. “ನನಗ ಒಂದ ಸಲ.”

ಇಳಿದು ಹೋದ. ಕೆಳಗೆ ವೈಂಡಿಂಗ್ ಅಂಗಡಿಯವನು ಸುಟ್ಟ ಮೋಟಾರಿನೊಳಗಿನ ತಾಮ್ರವನ್ನು ಉಳಿಯಿಂದ ಹೊಡೆದು ಕೀಳುತ್ತಿದ್ದ. ಆ ಸದ್ದಿನಲ್ಲಿ ಹಮಾಲನ ಹೆಜ್ಜೆ ಕೇಳಿಸಲಿಲ್ಲ.

ಕೂರಲಾಗಲಿಲ್ಲ. ಕೋಣೆಯಲ್ಲಿ ತಿರುಗಾಡಿದೆ. ನಲವತ್ತೊಂದನೆಯ ಸಲ ಮಾಡೋಣ, ಇವನ ಬಾಯಿ ಮುಚ್ಚಿಸೋಣ ಎಂದು ಶೆಡ್ಡಿನ ಕಂಪ್ಯೂಟರನ್ನು ಎಬ್ಬಿಸಿದೆ. ಏಳುವಾಗ ಪರದೆಯ ಮೊದಲ ಸಾಲಿನಲ್ಲಿ ಅದು ತನ್ನ ಕರ್ನೆಲ್ಲಿನ ಆವೃತ್ತಿಯ ಸಂಖ್ಯೆ ಹೇಳುತ್ತದೆ. ನಾನು ಯಾವತ್ತೂ ಬಲ್ಬು ನೋಡುತ್ತಿದ್ದೆ. ಅವತ್ತು, ಸಿಟ್ಟಿನಲ್ಲಿ ಬಲ್ಬಿಗೆ ಬೆನ್ನು ಹಾಕಿದ್ದಕ್ಕೋ ಏನೋ, ಆ ಸಾಲು ಓದಿದೆ.

ಅದು ಹಳೆಯ ಕರ್ನೆಲ್.

ಹೊಸದನ್ನು ಡಿಸ್ಕಿಗೆ ಹಾಕಿದರೆ ಸಾಲದು. ಅಷ್ಟು ಹಳೆಯ ಕಂಪ್ಯೂಟರಿಗೆ, ಇನ್ನು ಮೇಲೆ ಇದನ್ನು ಎತ್ತಿಕೊ ಎಂದು ಒಂದು ಆಜ್ಞೆ ಕೊಟ್ಟು ಜಾಗ ತೋರಿಸಬೇಕು. ತೋರಿಸದಿದ್ದರೆ ಅದು ರೂಢಿಯ ಜಾಗಕ್ಕೇ ಹೋಗಿ ಹಳೆಯದನ್ನೇ ಎತ್ತಿಕೊಳ್ಳುತ್ತದೆ. ಅಪಘಾತದ ದಿನ ಬೆಳಿಗ್ಗೆ ನಾನು ಆ ಆಜ್ಞೆ ಕೊಟ್ಟಿದ್ದೆ. ಪರೀಕ್ಷೆಗೆ ಕೂತ ದಿನ ಮರೆತಿದ್ದೆ. ಈ ಕೆಲಸಕ್ಕೆ ಹೊಸದಾಗಿ ಬಂದವರು ಮೊದಲ ವಾರದಲ್ಲಿ ಮಾಡಿ ನಗೆಗೀಡಾಗುವ ತಪ್ಪು ಅದು. ಆಪರೇಟರನ ಬೆರಳು ಕಿತ್ತ ದಿನ ಓಡುತ್ತಿದ್ದದ್ದು ಒಂದು. ನಾನು ನಲವತ್ತು ಸಲ ನಿರಪರಾಧಿ ಎಂದು ಬರೆದದ್ದು ಬೇರೊಂದನ್ನು.

ಆಜ್ಞೆ ಕೊಟ್ಟೆ. ಕಂಪ್ಯೂಟರನ್ನು ಮತ್ತೆ ಎಬ್ಬಿಸಿದೆ. ಮೊದಲ ಸಾಲು ಹೊಸ ಸಂಖ್ಯೆ ಹೇಳಿತು. ಒಳಗೆ ಎಲ್ಲೋ ಟಕ್ ಎಂದಿತು, ಬಲ್ಬು ಹತ್ತಿತು. ಒಂದು, ಎರಡು ಎಣಿಸುವಷ್ಟು ಹೊತ್ತು ಉರಿದು ಆರಿತು.

ಕಾರಣ ಸಣ್ಣದು. ಎದ್ದ ಕೂಡಲೆ ಮೋಟಾರಿನ ತಂತಿಯನ್ನು ಬಂದ್ ಮಾಡುವ ಕೆಲಸವನ್ನು ಹಳೆಯ ಕರ್ನೆಲ್ ಮೊದಲು ಮಾಡುತ್ತಿತ್ತು. ಹೊಸದು ಎರಡು ಸೆಕೆಂಡು ತಡವಾಗಿ ಮಾಡುತ್ತಿತ್ತು. ಅಷ್ಟು ಹೊತ್ತು ತಂತಿಯಲ್ಲಿ ವಿದ್ಯುತ್ತು ಹರಿಯುತ್ತಿತ್ತು. ಬೆಳಿಗ್ಗೆ ಕಂಪ್ಯೂಟರು ಎದ್ದ ಮೇಲೆಯೇ ಮೇನ್ ಹಾಕುವ ರೂಢಿಯಿದ್ದದ್ದರಿಂದ ಅವತ್ತು ಬೆಳಿಗ್ಗೆ ಯಾರಿಗೂ ಕಾಣಲಿಲ್ಲ. ನಡುಹಗಲು ಕಂಪ್ಯೂಟರು ತಾನಾಗಿ ಸತ್ತು ಏಳಬಲ್ಲದೇ ಎಂಬುದೊಂದು ಉಳಿದಿತ್ತು. ಅದನ್ನು ಸುಮ್ಮನೆ ಓಡಲು ಬಿಟ್ಟೆ. ಮರುದಿನ ನಾನು ಊಟ ಮಾಡುತ್ತಿದ್ದಾಗ ಹೊಸ ಕರ್ನೆಲ್ ತನ್ನ ಪ್ರೊಸೆಸರಿಗೆ ಗೊತ್ತೇ ಇಲ್ಲದ ಒಂದು ಆಜ್ಞೆ ಕೊಟ್ಟಿತು. ಪರದೆ ಕಪ್ಪಾಯಿತು, ಕಂಪ್ಯೂಟರು ತಾನೇ ಮತ್ತೆ ಎದ್ದಿತು, ಬಲ್ಬು ಎರಡು ಸೆಕೆಂಡು ಉರಿಯಿತು. ತಟ್ಟೆ ಬದಿಗಿಟ್ಟು ಎದ್ದೆ.

ಕಣ್ಣು ಮುಚ್ಚಿ ಆ ದಿನವನ್ನು ಮತ್ತೆ ನೋಡಿದೆ. ಈಗಲೂ ಕೈಯೇ ಮೊದಲು ಬಂತು.

ಕಂಪ್ಯೂಟರನ್ನು ಶೆಡ್ಡಿಗೆ ಒಯ್ದು ಮಾವನಿಗೆ ಎಲ್ಲ ಹೇಳಿದೆ. ಅಣ್ಣಂದಿರನ್ನೂ ಆಪರೇಟರನನ್ನೂ ಕರೆಸು, ಹೆಂಗಸರೂ ಇರಲಿ, ಎಲ್ಲರ ಮುಂದೆ ತೋರಿಸುತ್ತೇನೆ ಎಂದೆ.

“ಹುಚ್ಚ ಹಿಡದದೇನಲೇ ನಿನಗ?” ಎಂದ ಮಾವ. “ಆದದ್ದು ಆಗೇದ. ಎಲ್ಲಾರೂ ಮರ್ತಾರ.”

“ಎಂಟ ದಿನದಾಗ ಅವನ ಕೈ ಕಡೀತಾರ, ಮಾಮಾ.”

“ಅವನ ಕೈ ಉಳಸಾಕ ಹೋಗಿ ನಿನ್ನ ಕುತಗಿ ಕೊಡತೀಯೇನು?”

ಬೈದರೂ ಕರೆಸಿದ. ಮೂರನೆಯ ದಿನ ಬಬಲೇಶ್ವರಕ್ಕೆ ಹೋಗಿ ಹಮಾಲನನ್ನು ಮೋಟರ್‌ಸೈಕಲ್ ಹಿಂದೆ ಕೂಡಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಅವನು ಆಡಿದ್ದು ಒಂದೇ ಮಾತು: “ನಿಮ್ಮ ಮಶೀನು ಇವತ್ತ ಸುಮ್ನ ನಿಂತ್ರ?”

ಅವನನ್ನು ಬಾಗಿಲಲ್ಲಿ, ಅವತ್ತು ನಾನು ನಿಂತಿದ್ದ ಜಾಗದಲ್ಲಿ ನಿಲ್ಲಿಸಿದೆ. ಎರಡೂ ಕೈ ತಲೆಯ ಮೇಲೆ ಇಟ್ಟುಕೋ ಎಂದೆ. ಇಟ್ಟುಕೊಂಡ. ಅಣ್ಣಂದಿರು ಡ್ರಮ್ಮಿನ ಹತ್ತಿರ ನಿಂತರು. ದೊಡ್ಡವನ ಸೊಂಟದಲ್ಲಿ ಕುಡಗೋಲಿತ್ತು. ಆಪರೇಟರ್ ಬಲಗೈಯನ್ನು ಅಂಗಿಯೊಳಗೆ ಇಟ್ಟುಕೊಂಡು ಹಿಂದೆ ನಿಂತ. ಮೇನ್ ಮೇಲಕ್ಕೆ ಹಾಕಿದೆ. ಬಟನ್ ಒತ್ತಿ ಡ್ರಮ್ಮು ಓಡಿಸಿ, ಮತ್ತೆ ಬಟನ್ನಿನಿಂದಲೇ ನಿಲ್ಲಿಸಿದೆ. ಮೂರು ಕಬ್ಬಿನ ತುಂಡುಗಳನ್ನು ಹಲ್ಲುಗಳ ನಡುವೆ ಸಿಕ್ಕಿಸಿ, ಕಂಪ್ಯೂಟರನ್ನು ಕೊಂದು ಎಬ್ಬಿಸಿ, ನಾನೂ ಕೈ ತಲೆಯ ಮೇಲೆ ಇಟ್ಟುಕೊಂಡೆ.

ಹಳೆಯ ಕಂಪ್ಯೂಟರು ನಿಧಾನ. ಅರ್ಧ ನಿಮಿಷ ಏನೂ ಆಗಲಿಲ್ಲ. ಬೆಲ್ಟಿನ ಹತ್ತಿರ ಒಬ್ಬ ಹೆಂಗಸು ಕೆಮ್ಮಿದಳು. ದೊಡ್ಡವನು ಹಮಾಲನನ್ನು ನೋಡುತ್ತಲೇ ಇದ್ದ.

ಟಕ್. ಡ್ರಮ್ಮು ಗರ್ರೆಂದಿತು. ಕಬ್ಬು ಸಿಪ್ಪೆಯಾಗಿ ಚಿಮ್ಮಿ ದೊಡ್ಡವನ ಮುಖದ ಮೇಲೆ ರಸ ಹಾರಿತು. ಎರಡು ಸೆಕೆಂಡು. ನಿಂತಿತು.

ಮೊದಲು ಮಾತಾಡಿದವನು ಆಪರೇಟರ್. ಯಾರನ್ನೂ ನೋಡದೆ ಹೇಳಿದ: “ಅವತ್ತ ನಾ ಮೇನ್ ಬಂದ್ ಮಾಡಿರಲಿಲ್ಲ. ಬಟನ್ನಿಂದನ ನಿಂದರಿಸಿದ್ದೆ.”

“ಮದಲ ಯಾಕ ಹೇಳಲಿಲ್ಲೋ ಭಾಡ್ಯಾ?” ಎಂದ ಚಿಕ್ಕ ಅಣ್ಣ.

“ಬೆರಳು ಹ್ವಾದಾಂವಗ ನಿಂದ ತಪ್ಪಂತೀರಿ, ಅಂತ.”

ದೊಡ್ಡವನು ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದ. ಅವನ ದನಿ ಮೆಲ್ಲಗಿತ್ತು. “ಸರ, ಇದನ್ನ ಮಶೀನಿನಾಗ ಹಾಕಿದ್ದು ಯಾರು?”

“ನಾನು.”

“ಇಂವನ ಕೈ ಮ್ಯಾಲಿತ್ತು ಅಂದದ್ದು?”

“ನಾನೇ.”

ಮೊದಲ ಏಟು ಬಾಯಿಗೆ ಬಿತ್ತು. ಎರಡನೆಯದು ಎಲ್ಲಿ ಎಂದು ಗೊತ್ತಿಲ್ಲ. ಹೊಡೆತ ನೋವಾಗಿ ಬರುವ ಮೊದಲು ಸದ್ದಾಗಿ ಬರುತ್ತದೆ ಎಂದು ಅವತ್ತು ತಿಳಿಯಿತು. ಚಿಕ್ಕವನು ಕೂದಲು ಹಿಡಿದು ಬಗ್ಗಿಸಿದ, ದೊಡ್ಡವನು ಮೊಣಕಾಲಿನಿಂದ ಎದೆಗೆ ಗುದ್ದಿದ. ಬಿಡಿಸಲು ಬಂದ ಮಾವನನ್ನು ಒಂದು ಕೈಯಿಂದ ತಳ್ಳಿದರು. ಬಿದ್ದ ಮಾವ ಎದ್ದ. ತನ್ನ ಅಳಿಯನನ್ನು ಹೊಡೆಯುವವರ ಮೇಲೆ ಕೈ ಮಾಡಲಾರದ ಸಿಟ್ಟನ್ನೆಲ್ಲ ಕೂಡಿಸಿ, ಮೂಲೆಯಲ್ಲಿದ್ದ ಹಾರೆ ಎತ್ತಿಕೊಂಡು ಕಂಪ್ಯೂಟರಿಗೆ ಹೊಡೆದ. “ನಿನ್ನವ್ವನ, ನಿನ್ನಿಂದನ ಎಲ್ಲಾ,” ಎನ್ನುತ್ತ ಹೊಡೆದ. ಎರಡಲ್ಲ, ಎಣಿಸಲಾಗದಷ್ಟು. ತಗಡು ಸೀಳಿತು, ಪರದೆ ಒಡೆಯಿತು, ಹಸಿರು ಬೋರ್ಡು ತುಂಡಾಗಿ ನೆಲಕ್ಕೆ ಬಿತ್ತು.

ಅಷ್ಟರಲ್ಲಿ ನನ್ನನ್ನು ಡ್ರಮ್ಮಿನ ಬಾಯಿಗೆ ನೂಕಿದ್ದರು. ಎಡಗೈ ಒಳಗೆ ಊರಿ ನಿಂತಿದ್ದೆ. ಹಾರೆ ಯಾವ ಯಾವ ತಂತಿಯನ್ನು ಕೂಡಿಸಿತೋ, ಡ್ರಮ್ಮು ಮತ್ತೆ ತಿರುಗಿತು. ಹಲ್ಲು ಅಂಗಿಯ ತೋಳನ್ನು ಹಿಡಿಯಿತು. ನಾನು ಚೀರಿದೆ. ಅಂಗಿ ಬಿಗಿಯಾಗಿ ಕೈ ಒಳಗೆ ಹೋಗುತ್ತಿತ್ತು. ಈ ಸಲ ಅದನ್ನು ನಿಲ್ಲಿಸಲು ಕಂಪ್ಯೂಟರೇ ಇರಲಿಲ್ಲ. ಕಿರುಬೆರಳು ಹಿಂದಕ್ಕೆ ಮಡಚಿ ಮುರಿದ ಸದ್ದು ನನಗೆ ಕೇಳಿಸಿತು. ನನ್ನನ್ನು ಹೊಡೆಯುತ್ತಿದ್ದವರು ಕೈ ಬಿಟ್ಟು ಹಿಂದೆ ಸರಿದಿದ್ದರು.

ಆಮೇಲೆ ಡ್ರಮ್ಮು ನಿಂತಿತು.

ತಲೆ ತಿರುಗಿಸಿ ನೋಡಿದೆ. ಬಾಗಿಲಿಂದ ಗೋಡೆಯ ತನಕ ಕುಂಟುಗಾಲಿನಲ್ಲಿ ಓಡಿಬಂದ ಹಮಾಲ ಏದುಸಿರು ಬಿಡುತ್ತಿದ್ದ. ಅವನ ಕೈ ಮೇನ್ ಸ್ವಿಚ್ಚಿನ ಹಿಡಿಕೆಯ ಮೇಲಿತ್ತು. ಹಿಡಿಕೆ ಕೆಳಗಿತ್ತು.

ಯಾರೂ ಅವನನ್ನು ಏನೂ ಕೇಳಲಿಲ್ಲ. ದೊಡ್ಡ ಅಣ್ಣ ಸ್ವಿಚ್ಚಿನ ಕಡೆ, ಅವನ ಕೈಯ ಕಡೆ, ಬಹಳ ಹೊತ್ತು ನೋಡಿದ. ಆಮೇಲೆ ಕುಡಗೋಲನ್ನು ಸೊಂಟದಿಂದ ತೆಗೆದು ಅದರಿಂದಲೇ ನನ್ನ ಅಂಗಿಯ ತೋಳು ಕೊಯ್ದು ನನ್ನ ಕೈ ಬಿಡಿಸಿದ.

“ನೀರ ಕೊಡ್ರಬೇ,” ಎಂದು ಮಾವ ಹೆಂಗಸರಿಗೆ ಹೇಳಿದ. ಅವತ್ತು ಬೆರಳು ಎತ್ತಿ ಬುಟ್ಟಿಗೆ ಹಾಕಿದ್ದ ಹೆಂಗಸೇ ತಂಬಿಗೆ ತಂದಳು. ನನಗಲ್ಲ, ಹಮಾಲನಿಗೆ ಮೊದಲು ಕೊಟ್ಟಳು.

ಕಿರುಬೆರಳು ಈಗ ಮಡಚುವುದಿಲ್ಲ. ಇದನ್ನು ಟೈಪ್ ಮಾಡುವಾಗಲೂ ಅದು ಪಕ್ಕದಲ್ಲಿ ನೆಟ್ಟಗೆ ನಿಂತಿರುತ್ತದೆ. ದವಾಖಾನೆಯಿಂದ ಬಂದ ಮೇಲೆ ಕರ್ನೆಲ್ ಬರೆಯುವವರಿಗೆ ಒಂದು ಪತ್ರ ಕಳಿಸಿದೆ. ಹೊಸ ಆವೃತ್ತಿಯ ತಪ್ಪು ಏನು, ಅದು ಏನು ಮಾಡಿತು ಎಂದು ಬರೆದು, ನಾನು ಹೇಳಿದ್ದ ಆ ಯಂತ್ರ ಈಗ ಇಲ್ಲ, ಈ ಪ್ರೊಸೆಸರನ್ನು ಕೆಲಸಕ್ಕೆ ಬಳಸುವವರು ನನಗೆ ಗೊತ್ತಿರುವಂತೆ ಇನ್ನಾರೂ ಇಲ್ಲ ಎಂದು ಸೇರಿಸಿದೆ. ಮುಂದಿನ ಆವೃತ್ತಿಯಿಂದ ಅದನ್ನು ಕೈಬಿಟ್ಟರು. ಮಾವ ಡ್ರಮ್ಮಿಗೆ ಬರೀ ಒಂದು ಸ್ವಿಚ್ಚು ಕೂಡಿಸಿದ್ದಾನೆ. ನನ್ನೊಡನೆ ಮಾತಾಡುತ್ತಾನೆ, ಆದರೆ ಅಳಿಯಾ ಎನ್ನುವುದಿಲ್ಲ.

ಬಿತ್ತನೆಯ ದಿನ ನಾನು ಕನಮಡಿಗೆ ಹೋದೆ. ಹೋಗದೆ ಇರಲು ಆಗಲಿಲ್ಲ. ಕೈ ಉಳಿದಿದೆಯೋ ಇಲ್ಲವೋ ಕಣ್ಣಿಂದ ನೋಡಬೇಕಿತ್ತು. ಹಮಾಲ ಬಾಡಿಗೆಯ ಎತ್ತು ಹೂಡಿ ಕೂರಿಗೆಯಲ್ಲಿ ಬಿಳಿಜೋಳ ಬಿತ್ತುತ್ತಿದ್ದ. ಪಕ್ಕದ ಹೊಲದಲ್ಲಿ ಅಣ್ಣಂದಿರಿದ್ದರು. ಬದುವಿನ ಕಲ್ಲು ಎಲ್ಲಿತ್ತೋ ಅಲ್ಲೇ ಇತ್ತು. ಅದರ ಬಗ್ಗೆ ಯಾರೂ ರಾಜಿಯಾಗಿರಲಿಲ್ಲ.

ಸಾಲು ಮುಗಿಸಿ ಅವನು ಬದುವಿಗೆ ಬಂದ. ನಾನು ಅವನ ಬಲಕ್ಕೆ ನಿಂತೆ.

“ಒಂದ ಮಾತು ಹೇಳಬೇಕಾಗೇದ,” ಎಂದೆ. “ನಿಂದು ತಪ್ಪಿಲ್ಲ ಅಂತ ಗೊತ್ತದ. ಎಲ್ಲಾರಿಗೂ ತೋರಿಸೀನಿ. ಆದರೂ ಕಣ್ಣ ಮುಚ್ಚಿದ್ರ ಅವತ್ತಿಂದು ಹಂಗ ಕಾಣತದ. ನಿನ್ನ ಕೈ ಮೊದಲು, ಚೀರಿದ್ದು ಆಮ್ಯಾಲೆ.”

ಇನ್ನೊಂದನ್ನು ಹೇಳಲಿಲ್ಲ. ಇತ್ತೀಚೆಗೆ ಆ ಮೊದಲ ದಿನದ ನೆನಪಿನಲ್ಲಿ ಅವನು ತೊಟ್ಟಿರುವುದು ಎರಡನೆಯ ದಿನದ, ಕಬ್ಬು ಸಿಕ್ಕಿಸಿ ತೋರಿಸಿದ ದಿನದ, ಬಿಳಿ ಅಂಗಿ. ಮೊದಲ ದಿನ ಯಾವ ಬಣ್ಣದ್ದಿತ್ತು ಎಂದು ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಅವನು ಉಡಿಯಲ್ಲಿನ ಬೀಜ ಸರಿಮಾಡಿಕೊಂಡ. ಸಿಟ್ಟು ಬಂದಂತೆ ಕಾಣಲಿಲ್ಲ.

“ನೋಡ್ಕೋತ ಕುಂಡರ್ರಿ ಮತ್ತ,” ಎಂದ. “ನಂದಿನ್ನ ಅರ್ಧ ಹೊಲಾ ಬಾಕಿ ಐತಿ.”